ಕೆಂಪು ಹುಳ ನುಂಗಿದ ಸಾಹೇಬರು

ಕುರ್ಚಿ ಕೊಟ್ಟರೆ ಸಾಹೇಬರಿಗೆ ಸಿಟ್ಟು ಬರುತ್ತಿತ್ತು. "ಕುಂದರ್ರಿ" ಎಂದು ಎರಡನೆಯ ಸಲ ಹೇಳಿದರೆ, "ಕುಂತ್ರ ಕೆಲಸ ಯಾರು ಮಾಡ್ತಾರ್ರಿ?" ಎಂದು ನಿಂತಲ್ಲೇ ಎಡಗಾಲಿನಿಂದ ಬಲಗಾಲಿಗೆ ಭಾರ ಬದಲಿಸುತ್ತಿದ್ದರು. ಚಹಾ ನಿಂತೇ ಕುಡಿಯುವುದು, ವರದಿ ನಿಂತೇ ಬರೆಯುವುದು. ಒಂದು ಸಲ ನಮ್ಮ ಶಾಲೆಯ ಕಿಟಕಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಟ್ಟು ರೊಟ್ಟಿಯನ್ನೂ ನಿಂತೇ ತಿಂದರು. ಹೋದ ತಿಂಗಳು ಅವರ ಅಳಿಯನಿಂದ ಒಂದು ಕಾರ್ಡು ಬಂತು. ಮಾವನವರು ತೀರಿಕೊಂಡರು, ನಿಮ್ಮ ವಿಳಾಸ ಅವರ ಪೆಟ್ಟಿಗೆಯಲ್ಲಿತ್ತು, ಅದಕ್ಕೆ ತಿಳಿಸಿದ್ದೇನೆ ಎಂದು. ಕೆಳಗೆ ಇನ್ನೊಂದು ಸಾಲು: ಕೊನೆಯ ಆರು ತಿಂಗಳು ಹಾಸಿಗೆ ಹಿಡಿದಿದ್ದರು. ಸತ್ತದ್ದಕ್ಕಿಂತ ಆ ಸಾಲೇ ನನಗೆ ಹೆಚ್ಚು ಸಂಕಟ ಮಾಡಿತು.

ಅವರು ಆರೋಗ್ಯ ಖಾತೆಯ ಸ್ಯಾನಿಟರಿ ಇನ್ಸ್‌ಪೆಕ್ಟರು, ನಾನು ಹಾನಗಲ್ಲ ತಾಲೂಕಿನ ಒಂದು ಹಳ್ಳಿಯ ಕನ್ನಡ ಶಾಲೆಯ ಮಾಸ್ತರ. ದೊಡ್ಡ ಯುದ್ಧ ಶುರುವಾಗುವುದಕ್ಕೆ ಮೂರು ನಾಲ್ಕು ವರ್ಷ ಮೊದಲಿನ ಮಾತು. ನಾನು ನಿಧಾನದ ಮನುಷ್ಯ, ಕುಳಿತಲ್ಲಿಂದ ಏಳಬೇಕಾದರೆ ಎರಡು ಸಲ ವಿಚಾರ ಮಾಡುವವನು. ಇಂಥ ಇಬ್ಬರಿಗೆ ಸ್ನೇಹ ಹೇಗಾಯಿತೋ ಕೇಳಬೇಡಿ. ಅವರ ಸಾಮಾನು ಇಡಲು ಜಾಗ ಬೇಕಿತ್ತು, ನನ್ನ ಶಾಲೆಯಲ್ಲಿ ಒಂದು ಬೀರು ಇತ್ತು, ಅಷ್ಟೇ.

ಆಗ ನಮ್ಮ ಕಡೆ ಬೇಸಿಗೆ ಬಂತೆಂದರೆ ನಾರುಹುಣ್ಣು ಬಂತೆಂದೇ ಅರ್ಥ. ಈಗಿನವರು ಅದನ್ನು ಕಂಡಿಲ್ಲ, ಅವರ ಪುಣ್ಯ. ಕಾಲಿನಲ್ಲಿ ಒಂದು ಗುಳ್ಳೆ ಏಳುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ, ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳದ ತುದಿ ಹಣಿಕಿ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟೇ ಎಳೆಯಬೇಕು. ಅವಸರ ಮಾಡಿ ಹರಿದುಕೊಂಡರೆ ಕಾಲು ಬಾತು ಕೀವಾಗಿ ತಿಂಗಳುಗಟ್ಟಲೆ ಮಲಗಬೇಕು. ಹೊಲಕ್ಕೆ ಕೈ ಬೇಕಾಗುವ ಹೊತ್ತಿಗೇ ಮನೆಗೊಬ್ಬರು ಕಾಲು ಚಾಚಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಇದಕ್ಕೆಲ್ಲ ಮೂಲ ಮೆಟ್ಟಿಲಿಳಿದು ನೀರು ತುಂಬುವ ಪಾವಟಿಗೆ ಬಾವಿ ಎನ್ನುವುದು ಸಾಹೇಬರ ವಾದ. ನಾರು ಎದ್ದವರು ಪಾವಟಿಗೆ ಇಳಿದು ಕೊಡ ತುಂಬುವಾಗ ಕಾಲು ನೀರಿಗೆ ತಾಕುತ್ತದೆ, ಹುಳದ ಮರಿಗಳು ನೀರು ಸೇರುತ್ತವೆ, ಅವನ್ನು ಕಣ್ಣಿಗೆ ಕಂಡೂ ಕಾಣದ ಒಂದು ಜೀವಿ ನುಂಗುತ್ತದೆ. ಅದಕ್ಕೆ ಅವರು ನೀರಚಿಗಟ ಎನ್ನುತ್ತಿದ್ದರು. ಆ ಚಿಗಟವಿದ್ದ ನೀರು ಕುಡಿದವನಿಗೆ ಹೆಚ್ಚುಕಡಿಮೆ ಒಂದು ವರ್ಷದ ಮೇಲೆ ನಾರು ಏಳುತ್ತದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಜನ ಅರ್ಧ ತಿಳಿದುಕೊಳ್ಳುವ ಹೊತ್ತಿಗೆ ಸೈಕಲ್ ಹತ್ತಿಬಿಡುತ್ತಿದ್ದರು. ಅವರು ಹೇಳುತ್ತಿದ್ದ ಉಪಾಯ ಎರಡು. ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸಿ ಕುಡಿಯಬೇಕು. ಬಾವಿಗೆ ಸಣ್ಣ ಮೀನು ಬಿಡಬೇಕು, ಅವು ನೀರಚಿಗಟವನ್ನು ತಿಂದು ಮುಗಿಸುತ್ತವೆ.

ಮೀನು ಬರುತ್ತಿದ್ದದ್ದು ಮಾಸೂರಿನ ಮದಗದ ಕೆರೆಯಿಂದ. ಸೈಕಲ್ಲಿನ ಹಿಂದೆ ತಗಡಿನ ಡಬ್ಬಿ ಕಟ್ಟಿ, ಅದರಲ್ಲಿ ಬೆರಳುದ್ದದ ಮೀನು ತುಂಬಿಕೊಂಡು ಹಿರೇಕೆರೂರು ದಾಟಿ ಬರುತ್ತಿದ್ದರು. ದಾರಿಯಲ್ಲಿ ಸಿಕ್ಕ ಪ್ರತಿ ಹಳ್ಳಕ್ಕೂ ಇಳಿದು ನೀರು ಬದಲಿಸುವುದು, ಮೀನಿಗೆ ಉಸಿರು ಸಿಗಲಿ ಎಂದು ಅಂಗೈಯಿಂದ ನೀರನ್ನು ಪಟಪಟ ಬಡಿಯುವುದು. ಜನ ಅವರಿಗೆ ಮೀನಸಾಹೇಬರು ಎಂದು ಹೆಸರಿಟ್ಟರು. ಅವರದು ಲಿಂಗ ಕಟ್ಟಿದ ಮೈ, ಹುಟ್ಟಿದಾಗಿನಿಂದ ಮೀನಿನ ವಾಸನೆ ಕಂಡವರಲ್ಲ. ಆ ಹೆಸರು ಕೇಳಿ ಅವರ ಹೆಂಡತಿ ಎಷ್ಟು ಅತ್ತರೋ ನನಗೆ ಗೊತ್ತಿಲ್ಲ, ಅವರಂತೂ ನಕ್ಕರು.

ಸವಣೂರು ಆಗ ನವಾಬರ ಸಂಸ್ಥಾನ, ಅಲ್ಲಿನ ಬಾವಿಗಳು ಇವರ ಸರಹದ್ದಿಗೆ ಸೇರಿದವಲ್ಲ. ಶಿಗ್ಗಾಂವಿಗೆ ಹೋದವರು ಸುಮ್ಮನೆ ತಿರುಗಿ ಬರಬೇಕೋ ಬೇಡವೋ, ಸರಹದ್ದಿನ ಆಚೆ ಒಂದು ಬಾವಿ ಕಂಡು ಉಳಿದ ಮೀನು ಅದಕ್ಕೆ ಬಿಟ್ಟು ಬಂದರು. ಮೇಲಿನಿಂದ ಮೆಮೋ ಬಂತು. ಅದನ್ನು ನನ್ನ ಮೇಜಿನ ಮೇಲೆ ಬಿಸಾಕಿ, "ಹುಳಕ್ಕ ಸರಹದ್ದು ಗೊತ್ತೈತೇನ್ರಿ ಮಾಸ್ತರ್ರ?" ಎಂದರು.

"ಹುಳಕ್ಕ ಗೊತ್ತಿಲ್ಲ, ನಿಮ್ಮ ಮ್ಯಾಲಿನವರಿಗೆ ಗೊತ್ತೈತಿ" ಎಂದೆ. ಎರಡು ವಾರ ನನ್ನ ಜೊತೆ ಮಾತು ಬಿಟ್ಟರು.

ನಮ್ಮ ಊರ ಬಾವಿಗೆ ಮೀನು ಬಿಡಲು ಗೌಡರ ತಾಯಿಯ ಒಪ್ಪಿಗೆ ಬೇಕಿತ್ತು. ಗೌಡಕಿ ಮಗನದು, ಮಾತು ತಾಯಿಯದು. ಊರೆಲ್ಲ ಅವರನ್ನು ಅವ್ವಾರು ಎನ್ನುತ್ತಿತ್ತು. ಹಣೆತುಂಬ ವಿಭೂತಿ, ಎದುರಿಗಿದ್ದವರ ಮುಖ ಬಿಟ್ಟು ಕದಲದ ಕಣ್ಣು. ಅವರು ಕೇಳಿದರು:

"ಕುಡಿಯೂ ನೀರಾಗ ಮೀನು ಬಿಟ್ರ, ಅವು ಎಲ್ಲಾ ಅದರಾಗ ಮಾಡ್ತಾವಲ್ರಿ ಸಾಹೇಬ್ರ?"

"ಈಗ ಇರೂ ಕಪ್ಪಿ ಏನು ಹೊರಗ ಹೋಗಿ ಬರ್ತಾವೇನ್ರಿ ಅವ್ವಾರ?"

ಅವ್ವಾರು ಸೆರಗು ಬಾಯಿಗೆ ಹಿಡಿದು ನಕ್ಕರು. "ಊರ ಬಾವಿಗೆ ಬಿಡ್ರಿ. ನಮ್ಮ ತ್ವಾಟದ ಬಾವಿಗೆ ಮಾತ್ರ ಬ್ಯಾಡ. ಅಲ್ಲಿಂದ ಲಿಂಗಪೂಜಿಗೆ ನೀರು ತರ್ತೇವಿ" ಎಂದರು. ಗೌಡರ ಮನೆಯವರು ಊರ ಬಾವಿಗೆ ಬರುತ್ತಿರಲಿಲ್ಲ, ಅವರಿಗೆ ಅವರ ತೋಟದ ಬಾವಿಯೇ. ಸಾಹೇಬರು ವಾದ ಮಾಡಲು ಬಾಯಿ ತೆರೆದವರು ಹೇಗೋ ಮುಚ್ಚಿಕೊಂಡರು.

ಮೀನು ಬಿಟ್ಟ ಮೇಲೆ ಇನ್ನೊಂದು ಫಜೀತಿ. ಊರ ಹೆಣ್ಣುಮಕ್ಕಳಿಗೆ ಅವುಗಳ ಮೇಲೆ ಪ್ರೀತಿ ಬಂದು ದಿನಾ ಚುರುಮುರಿ ಹಾಕತೊಡಗಿದರು. ಸಾಹೇಬರು ಬಾವಿಯ ದಂಡೆಯ ಮೇಲೆ ನಿಂತು ಕೂಗಾಡಿದರು: "ಹೊಟ್ಟಿ ತುಂಬಿದ ಮೀನು ಚಿಗಟ ಯಾಕ ತಿಂತಾವ್ರಿ? ಉಪವಾಸ ಕೆಡವ್ರಿ ಅವನ್ನ." ಉಪವಾಸ ಕೆಡವಬೇಕು ಎಂದ ಮನುಷ್ಯ ಎಂಥವನೆಂದು ಬೈದುಕೊಂಡು ಹೆಣ್ಣುಮಕ್ಕಳು ಸಾಹೇಬರು ಹೋದ ಮೇಲೆ ಚುರುಮುರಿ ಹಾಕಿದರು.

ನೀರು ಸೋಸುವ ವಿಷಯದಲ್ಲಿ ಮಾತ್ರ ಅವರಲ್ಲಿ ಒಂದು ಹುಳುಕಿತ್ತು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರೇಕೆರೂರ ಕಡೆಯ ಒಂದು ಮನೆಯಲ್ಲಿ ಇವರು ಲೋಟದ ನೀರನ್ನು ತಮ್ಮ ಕರವಸ್ತ್ರದಲ್ಲಿ ಸೋಸಿದರಂತೆ. ಮನೆಯ ಯಜಮಾನ ಲೋಟ ಕಸಿದುಕೊಂಡು ನೀರನ್ನು ಅಂಗಳಕ್ಕೆ ಚೆಲ್ಲಿ, "ನಮ್ಮ ನೀರು ನಡೆಯೂದಿಲ್ಲಂದ್ರ ಬಾಯಿಬಿಟ್ಟು ಹೇಳ್ರಿ" ಎಂದನಂತೆ. ಇನ್ನೊಬ್ಬರ ಮನೆಯ ನೀರನ್ನು ಸೋಸುವುದೆಂದರೆ ಅವರ ಕುಲವನ್ನೇ ಸೋಸಿದ ಹಾಗೆ ಎಂದು ಇವರಿಗೆ ಆವತ್ತು ಗೊತ್ತಾಯಿತು. ಆ ಊರಿನಲ್ಲಿ ಆಮೇಲೆ ಒಬ್ಬರೂ ಇವರ ಮಾತಿಗೆ ನಿಲ್ಲಲಿಲ್ಲ. ಅಂದಿನಿಂದ ಯಾರ ಮನೆಗೆ ಹೋದರೂ ಕೊಟ್ಟ ನೀರನ್ನು ಹಾಗೆಯೇ ಕುಡಿದು, ಬಾಯಿ ಒರೆಸಿಕೊಂಡು, ನೀರು ಸೋಸಿ ಕುಡಿಯಬೇಕೆಂದು ಭಾಷಣ ಮಾಡುತ್ತಿದ್ದರು. ನಾನು ಇದನ್ನು ಎತ್ತಿ ಆಡಿದರೆ ಮುಖ ಕೆಂಪಾಗುತ್ತಿತ್ತು.

ಮೀನು ಬಿಟ್ಟದ್ದು ಕಾರ್ತೀಕದಲ್ಲಿ. ಯುಗಾದಿ ಕಳೆದ ಮೇಲೆ ಎಂದಿನಂತೆ ಊರಿನಲ್ಲಿ ನಾರು ಎದ್ದಿತು. ಅದು ಹೋದ ವರ್ಷ ಕುಡಿದ ನೀರಿನದು, ಮೀನಿನ ಗುಣ ಮುಂದಿನ ವರ್ಷ ಕಾಣುತ್ತದೆ ಎಂದು ಸಾಹೇಬರು ಮನೆ ಮನೆಗೆ ಹೇಳಿದರು. ಅಷ್ಟರಲ್ಲಿ ಒಂದು ಮುಂಜಾನೆ ನೀರಿಗೆ ಹೋದ ಹೆಣ್ಣುಮಗಳೊಬ್ಬಳು ಕೊಡ ಅಲ್ಲೇ ಬಿಟ್ಟು ಓಡಿ ಬಂದಳು. ಬಾವಿಯಲ್ಲಿ ಒಂದು ಮೀನು ವಾಲಿಕೊಂಡು ತೇಲುತ್ತಿತ್ತು, ಅದರ ಹಿಂಬದಿಯಿಂದ ಕೆಂಪು ಎಳೆಯೊಂದು ಹೊರಗೆ ಇಳಿಬಿದ್ದು ಅಲುಗಾಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಒಂದೇ ಮಾತು: ನಾರು ತಂದವರೇ ಮೀನಸಾಹೇಬರು.

ಅವರು ಮರುದಿನ ಬಂದರು. ಸತ್ತ ಮೀನನ್ನು ನನ್ನ ಶಾಲೆಯ ಮಕ್ಕಳು ಬರೆಯುವ ಒಂದು ಪಾಟಿಯ ಮೇಲಿಟ್ಟು, ಕ್ಷೌರದ ಬ್ಲೇಡಿನಿಂದ ಹೊಟ್ಟೆ ಸೀಳಿದರು. ಲಿಂಗದ ಕರಡಿಗೆ ಮುಂದೆ ಜೋತಾಡದಂತೆ ಅಂಗಿಯ ಒಳಗೆ ತುರುಕಿಕೊಂಡಿದ್ದರು. ಕರುಳಿನೊಳಗೆ ಕೆಂಪು ಹುಳಗಳು, ಕೂದಲಿಗಿಂತ ತುಸು ದಪ್ಪ, ಬೆರಳ ಗೆಣ್ಣಿನಷ್ಟು ಉದ್ದ, ತಲೆಯನ್ನು ಕರುಳಿಗೆ ಕಚ್ಚಿ ಹಿಡಿದು ಬಾಲ ಆಡಿಸುತ್ತಿದ್ದವು. ಮೀನು ಸತ್ತಿತ್ತು, ಅವು ಸತ್ತಿರಲಿಲ್ಲ. ನಾನು ಎದ್ದು ಹೊರಗೆ ಹೋದೆ.

ಗುಡಿಯ ಕಟ್ಟೆಯಲ್ಲಿ ಹಿರಿಯರು ಕೂಡಿದ್ದರು, ಅವ್ವಾರೂ ಬಂದಿದ್ದರು. "ಇದು ನಾರಿನ ಹುಳಾನೋ, ಬ್ಯಾರೆ ಏನೋ?" ಎಂದು ಗೌಡರು ಕೇಳಿದರು. ಬೇರೆ ಯಾವ ಅಧಿಕಾರಿಯಾದರೂ ಬೇರೆ ಎಂದು ಹೇಳಿ ಸೈಕಲ್ ಹತ್ತುತ್ತಿದ್ದ. ಇವರು ಆ ಕಡೆಯಿಂದ ಈ ಕಡೆಗೆ ನಾಲ್ಕು ಸಲ ಓಡಾಡಿ, "ನನಗ ಗೊತ್ತಿಲ್ರಿ. ಬ್ಯಾರೆ ಇರಬೇಕು. ಖಾತ್ರಿ ಮಾಡ್ಕೊಂಡು ಹೇಳ್ತೇನಿ" ಎಂದರು. ನಾನು ತಲೆ ಚಚ್ಚಿಕೊಂಡೆ.

ಹುಳವನ್ನು ಸ್ಪಿರಿಟ್ಟಿನ ಬಾಟಲಿಯಲ್ಲಿ ಹಾಕಿ ಮುಂಬಯಿಗೆ ಕಳಿಸಿದರು. ಇನ್ನೊಂದು ಬಾಟಲಿ ನನ್ನ ಬೀರುವಿನಲ್ಲಿ ಹಲಗೆಗೆ ಬರೆಯುವ ಖಡುವಿನ ಡಬ್ಬಿಯ ಪಕ್ಕ ಕೂತಿತು, ಹಾನಗಲ್ಲಿನಲ್ಲಿದ್ದ ಸಾಹೇಬರ ಮನೆಯಲ್ಲಿ ಅವರ ಹೆಂಡತಿ ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಮೂರು ವಾರದ ಮೇಲೆ ಉತ್ತರ ಬಂತು: ಮಾದರಿ ಕೆಟ್ಟಿದೆ, ಮತ್ತೊಮ್ಮೆ ಕಳುಹಿಸಿ. ಬೀರುವಿನ ಬಾಟಲಿಯನ್ನು ಅಂಚೆಗೆ ಹಾಕಿದರು, ಆದರೆ ಊರು ಅಷ್ಟು ದಿನ ಕಾಯುವ ಸ್ಥಿತಿಯಲ್ಲಿರಲಿಲ್ಲ. ಬಲೆ ತರಿಸಿ ಮೀನು ತೆಗೆಯಬೇಕೆಂದು ಗೌಡರು ನಿರ್ಧಾರ ಮಾಡಿದ್ದರು. ನಮ್ಮ ಊರಿನಲ್ಲಿ ತೆಗೆದರೆ ಸುತ್ತಲಿನ ಹಳ್ಳಿಗಳೂ ತೆಗೆಯುತ್ತವೆ, ಎರಡು ವರ್ಷದ ಓಡಾಟ ನೀರಲ್ಲಿ ಮಾಡಿದ ಹೋಮ, ನಾರು ಮಾತ್ರ ಶಾಶ್ವತ.

ಆವತ್ತು ಅವರು ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಗುಡಿಯ ಕಟ್ಟೆಯ ಮುಂದೆ, ಬೆಳಗಿನ ಬಿಸಿಲಿನಲ್ಲಿ, ಸೋಸಿ ಕಾಸಿ ಆರಿಸಿದ ಒಂದು ಲೋಟ ನೀರಿಗೆ, ಆಗಷ್ಟೇ ಹಿಡಿದ ಇನ್ನೊಂದು ಮೀನಿನಿಂದ ತೆಗೆದ ಜೀವಂತ ಕೆಂಪು ಹುಳವೊಂದನ್ನು ಬಿಟ್ಟರು. ಎಲ್ಲರಿಗೂ ತೋರಿಸಿದರು.

"ಇದು ನಾರು ಆಗಿದ್ರ ಮುಂದಿನ ಯುಗಾದಿ ಹೊತ್ತಿಗೆ ನನ್ನ ಕಾಲಾಗ ಏಳತೈತಿ. ಎದ್ರ ನಾನ ಬಂದು ಬಲಿ ಹಾಕಿ ಮೀನು ತಗಿತೇನಿ. ಅಲ್ಲೀತನ ಮುಟ್ಟಬ್ಯಾಡ್ರಿ."

ಗಟಗಟ ಕುಡಿದುಬಿಟ್ಟರು. ಯಾರೋ ಶಿವ ಶಿವ ಎಂದರು. ಅವ್ವಾರು ಅವರ ಮುಖ ನೋಡಿ, "ಒಂದು ವರ್ಷ. ಆತು" ಎಂದರು. ಅವರ ಮಾತೇ ಮಾತು, ಬಲೆ ತಿರುಗಿ ಹೋಯಿತು. ಹುಳ ನುಂಗಿದ ತಪ್ಪಿಗೆ ಸಾಹೇಬರಿಗೆ ಹಾನಗಲ್ಲಿನ ಮನೆಯಲ್ಲಿ ಹದಿನೈದು ದಿನ ಪಡಸಾಲೆಯಲ್ಲೇ ಊಟ, ಮಠದ ಅಯ್ಯನವರಿಂದ ಶುದ್ಧಿ ಮಾಡಿಸಿಕೊಂಡ ಮೇಲೆಯೇ ಅಡುಗೆಮನೆ.

ಕಾಯುವುದೇ ಬಾರದ ಮನುಷ್ಯ ಒಂದು ವರ್ಷ ಕಾದದ್ದನ್ನು ಹೇಗೆ ಹೇಳಲಿ. ವಾರವಾರ ಶಾಲೆಗೆ ಬಂದು ಬೂಟು ಬಿಚ್ಚಿ ಬೆಂಚಿನ ಮೇಲೆ ಕಾಲಿಟ್ಟು, "ನೋಡ್ರಿ ಮಾಸ್ತರ್ರ, ಇಲ್ಲಿ ಕೆಂಪಾಗೈತೇನು?" ಎನ್ನುತ್ತಿದ್ದರು. ಸೊಳ್ಳೆ ಕಡಿದರೂ ನಾರು, ಮುಳ್ಳು ಚುಚ್ಚಿದರೂ ನಾರು. ನಿದ್ದೆ ಇಲ್ಲದೆ ಕಣ್ಣು ಒಳಗೆ ಹೋಗಿದ್ದವು. ಒಂದು ದಿನ ನಾನು ರೇಗಿ, "ಇದ್ರ ಇರತೈತಿ, ಇಲ್ಲಂದ್ರ ಇಲ್ಲ, ಪಾಠ ಮಾಡಾಕ ಬಿಡ್ರಿ" ಎಂದೆ. ಆ ಮಾತು ಆಡಬಾರದಿತ್ತು ಎಂದು ಈಗಲೂ ಅನಿಸುತ್ತದೆ.

ಯುಗಾದಿಗೆ ಇಪ್ಪತ್ತು ದಿನ ಇರುವಾಗ ಬಂದರು, ಬಾಗಿಲು ಹಾಕಿದರು, ಬೂಟು ಬಿಚ್ಚಿದರು. ಬಲಗಾಲಿನ ಹರಡಿನ ಮೇಲೆ ಗುಳ್ಳೆ ಒಡೆದಿತ್ತು. ಒಳಗೆ ಬಿಳಿ ತುದಿ.

ಆ ಬೇಸಿಗೆ ಊರ ಬಾವಿಯ ನೀರು ಕುಡಿದ ಯಾವ ಮನೆಯಲ್ಲೂ ಇನ್ನೂ ನಾರು ಎದ್ದಿರಲಿಲ್ಲ. ಎದ್ದದ್ದು ಇಬ್ಬರಿಗೇ: ಗೌಡರ ಮನೆಯ ಸೊಸೆಗೆ, ಅವರ ತೋಟದ ಆಳಿಗೆ. ಇಬ್ಬರೂ ತೋಟದ ಬಾವಿಯ ನೀರಿನವರು, ಮೀನು ಇಲ್ಲದ ಬಾವಿ. ಊರಿಗೆಲ್ಲ ಇದು ಕಾಣುತ್ತಿತ್ತು, ಗೌಡರ ಮನೆಯ ನೀರಿನ ಮೇಲೆ ಹೆಸರಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಪಟ್ಟಿ ಕಟ್ರಿ. ಸೈಕಲ್ ಮ್ಯಾಲಿಂದ ಬಿದ್ದೆ ಅನ್ರಿ" ಎಂದೆ.

"ಸುಳ್ಳು ಹೇಳ್ಲೇನ್ರಿ?"

"ಮೀನು ಉಳೀತಾವು, ಊರು ಉಳಿತೈತಿ. ನಿಮಗ ಗೊತ್ತೈತಿ ಇದು ಯಾವುದೋ ಮನಿ ನೀರಿಂದು ಅಂತ. ಸೋಸದ ಎಲ್ಲಾ ಕಡೆ ಕುಡದೀರಿ."

"ಗೊತ್ತಿಲ್ರಿ. ಅನಸ್ತೈತಿ ಅಷ್ಟ. ಅನಸೂದು ಬ್ಯಾರೆ, ಗೊತ್ತಿರೂದು ಬ್ಯಾರೆ."

ಕಡ್ಡಿ ತಂದುಕೊಡಿ ಎಂದರು, ತಂದುಕೊಟ್ಟೆ. ಕಾಲನ್ನು ಬೆಂಚಿನ ಮೇಲಿಟ್ಟು, ನಿಂತುಕೊಂಡೇ ತಮ್ಮ ನಾರಿಗೆ ತಾವೇ ಕಡ್ಡಿ ಸುತ್ತಿಕೊಂಡರು.

ಮರುದಿನ ಮುಂಜಾನೆ ಗುಡಿಯ ಕಟ್ಟೆಗೆ ಎಲ್ಲರನ್ನೂ ಕರೆಸಿ ಪಟ್ಟಿ ಬಿಚ್ಚಿ ತೋರಿಸಿದರು. "ಇದು ಮೀನಿನ ಹುಳದ್ದೋ, ನೀರಿಂದೋ, ಹೇಳಾಕ ನನಗ ಬರೂದಿಲ್ಲ. ನಿಮಗೆಲ್ಲಾ ಸೋಸ್ರಿ ಅಂತ ಹೇಳಿ ನಾನು ಮನಿಮನ್ಯಾಗ ಸೋಸದ ನೀರು ಕುಡದೇನಿ. ಅದು ನನ್ನ ತಪ್ಪು. ಮಾತು ಕೊಟ್ಟೇನಿ, ಮೀನು ತಗಿತೇನಿ." ಬಲೆಯನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಬಂದಿದ್ದರು.

ಅವ್ವಾರು ಎದ್ದು ಹತ್ತಿರ ಬಂದು, ಬಗ್ಗಿ ಆ ಕಾಲನ್ನು ನೋಡಿದರು.

"ಮೀನಿನ ಹುಳ ಕೆಂಪು ಇತ್ತು. ಇದು ಬಿಳಿ ಐತಿ."

"ಬಣ್ಣ ನಂಬಾಕ ಬರೂದಿಲ್ರಿ ಅವ್ವಾರ. ಮನಷ್ಯಾನ ಮೈಯಾಗ ಬದಲಾಗಬಹುದು."

"ನಮ್ಮ ಮನ್ಯಾಗ ಎಷ್ಟು ಸಲ ನೀರು ಕುಡದೀರಿ?"

ಸಾಹೇಬರು ಬಗ್ಗಿ ಪಟ್ಟಿ ಸುತ್ತತೊಡಗಿದರು.

"ಬಂದಾಗೆಲ್ಲ ಕುಡದೀರಿ. ನಾನ ಕೈಯಾರೆ ಕೊಟ್ಟೇನಿ. ಹ್ವಾದ ಬ್ಯಾಸಗಿಯಾಗ ನನ್ನ ಸೊಸಿ ಕಾಲಾಗ ನಾರು ಇತ್ತು, ಆಕೀನ ಬಾವಿಗಿಳಿದು ನೀರು ತಂದಾಳ. ಈ ವರ್ಷ ಊರಾಗ ನಾರು ಎದ್ದದ್ದು ನನ್ನ ಮನಿ ನೀರು ಕುಡದವರಿಗೆ ಅಷ್ಟ. ಈಗ ಇವರಿಗೂ ಎದ್ದೈತಿ." ಊರಿನ ಕಡೆಗೆ ತಿರುಗಿದರು. "ಇದು ನನ್ನ ಮನಿ ನಾರು. ಮೀನು ಅಲ್ಲೇ ಇರ್ಲಿ. ನಮ್ಮ ಬಾವಿಗೂ ಬಿಡ್ರಿ."

"ಖಾತ್ರಿ ಹೇಳಾಕ ಬರೂದಿಲ್ರಿ ಅವ್ವಾರ, ನಾನು ಬ್ಯಾರೆ..."

"ನಿಮಗ ಖಾತ್ರಿ ಇಲ್ಲ. ನನಗೈತಿ."

ಬೇರೆ ಊರುಗಳಲ್ಲೂ ಕುಡಿದಿದ್ದೇನೆ ಎಂದು ಸಾಹೇಬರು ಇನ್ನೂ ಹೇಳುವವರಿದ್ದರು. ನಾನು ಹಿಂದಿನಿಂದ ಅವರ ಮೊಣಕೈ ಗಟ್ಟಿಯಾಗಿ ಹಿಡಿದೆ. ನನ್ನ ಮಾತನ್ನು ಎಂದೂ ಕೇಳದವರು ಆವತ್ತು ಕೇಳಿ ಸುಮ್ಮನಾದರು. ಆ ಸಿಟ್ಟು ಅವರಿಗೆ ನನ್ನ ಮೇಲೆ ಬಹಳ ವರ್ಷ ಇತ್ತು.

ಬಂದವರಿಗೆ ನೀರು ಕೊಟ್ಟು ರೋಗ ಕೊಟ್ಟೆ ಎಂದು ಒಂದು ಮನೆಯ ಹಿರಿಯಳು ತನ್ನ ಬಾಯಿಂದ ಊರ ಮುಂದೆ ಹೇಳುವುದು ಎಂಥದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮೀನು ಉಳಿದವು, ಸುತ್ತಲಿನ ಹಳ್ಳಿಗಳಲ್ಲೂ ಉಳಿದವು. ಆದರೆ ಗೌಡರ ಮನೆಗೆ ಹೋದವರು "ಈಗ ಕುಡದ ಬಂದೇನ್ರಿ" ಎನ್ನತೊಡಗಿದರು. ಅವ್ವಾರ ಮೊಮ್ಮಗಳನ್ನು ಹೆಣ್ಣು ನೋಡಲು ರಟ್ಟೀಹಳ್ಳಿಯಿಂದ ಬಂದವರು ಬೆಲ್ಲವನ್ನಷ್ಟೇ ಬಾಯಿಗೆ ಹಾಕಿಕೊಂಡು ನೀರಿನ ಲೋಟ ಹಾಗೆಯೇ ಬಿಟ್ಟು ಎದ್ದರು. ಗೌಡರು ತಾಯಿಯ ಜೊತೆ ಮಾತು ಬಿಟ್ಟರು. ತೋಟದ ಬಾವಿಗೆ ಮೀನು ಬಿಟ್ಟಾಗಿತ್ತು, ಅವ್ವಾರ ಮನೆಯಲ್ಲಿ ನೀರನ್ನು ಎರಡು ಪದರ ಬಟ್ಟೆಯಲ್ಲಿ ಸೋಸುತ್ತಿದ್ದರು. ಅದನ್ನು ಕೇಳುವವರು ಯಾರು.

ಮಳೆಗಾಲದಲ್ಲಿ, ಕಳಿಸಿ ವರ್ಷ ದಾಟಿದ ಮೇಲೆ, ಮುಂಬಯಿಯಿಂದ ಎರಡನೆಯ ಬಾಟಲಿಗೆ ಉತ್ತರ ಬಂತು. ಆ ಕೆಂಪು ಹುಳ ಮೀನಿನಲ್ಲಿ ಮಾತ್ರ ಬದುಕುವ ಜಾತಿ, ಮನುಷ್ಯನಿಗೆ ತಗಲುವುದಿಲ್ಲ. ಸಾಹೇಬರು ಅದನ್ನು ಗುಡಿಯ ಕಟ್ಟೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿದರು. "ಅವ್ವಾರು ಆವತ್ತ ಹೇಳಿದ್ರಲ್ರಿ" ಎಂದು ಜನ ಎದ್ದು ಹೋದರು.

ಆಮೇಲೆ ಸಾಹೇಬರು ಪ್ರತಿ ಸಂತೆಯ ದಿನ, ಊರೆಲ್ಲ ಆ ದಾರಿಯಲ್ಲಿ ಓಡಾಡುವ ಹೊತ್ತಿಗೆ, ಅವ್ವಾರ ಮನೆಯ ಕಟ್ಟೆಗೆ ಬರತೊಡಗಿದರು. ಬಂದು ಕೂರುತ್ತಿದ್ದರು. ಹೌದು, ಕೂರುತ್ತಿದ್ದರು, ಚಕ್ಕಂಬಕ್ಕಳ ಹಾಕಿ. ಅವ್ವಾರು ದೊಡ್ಡ ತಂಬಿಗೆಯಲ್ಲಿ ನೀರು ತಂದಿಡುತ್ತಿದ್ದರು. ಅದನ್ನು ಒಂದೊಂದೇ ಗುಟುಕು, ತಾಸುಗಟ್ಟಲೆ, ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೂ ನೋಡುವ ಹಾಗೆ ಕುಡಿಯುತ್ತಿದ್ದರು. ತೊಡೆ ಅದುರುತ್ತಿದ್ದದ್ದು ನನಗೆ ದೂರದಿಂದಲೇ ಕಾಣುತ್ತಿತ್ತು, ಎದ್ದು ಓಡಲು ಕಾಲು ಹಾತೊರೆಯುತ್ತಿತ್ತು. ತಂಬಿಗೆ ಖಾಲಿಯಾಗುವ ತನಕ ಏಳುತ್ತಿರಲಿಲ್ಲ.

ನಾಲ್ಕನೆಯ ಸಂತೆಗೆ ನಾನು ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಅವರು ನನ್ನ ಕಡೆ ನೋಡದೆ ತಂಬಿಗೆಯನ್ನು ನನ್ನ ಮುಂದೆ ಸರಿಸಿದರು. ಅಷ್ಟೂ ದಿನ ನಾನೂ ಆ ಮನೆಗೆ ಹೋದಾಗ "ಈಗ ಕುಡದ ಬಂದೇನ್ರಿ ಅವ್ವಾರ" ಎಂದೇ ಹೇಳಿದ್ದೆ, ಮತ್ತು ಅದು ಸಾಹೇಬರಿಗೆ ಗೊತ್ತಿತ್ತು.